ನಮ್ಮ ಕಂಬಳಿಯಲ್ಲಿ ಹಕ್ಕಿ ಇರಲಿಲ್ಲ

ಯಾರ ಮನೆಗೆ ಹೋದರೂ ನೆಲಕ್ಕೆ ಹಾಸಿದ್ದರ ಮೂಲೆ ಎತ್ತಿ ಹಿಂಬದಿ ನೋಡುವ ಚಾಳಿ ನನಗೆ ಅಂಟಿಕೊಂಡು ನಾಲ್ಕು ವರ್ಷವಾಯಿತು. ಮೊನ್ನೆ ಮಂಡ್ಯದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಅವರು ಕಾಫಿ ತರಲು ಒಳಗೆ ಹೋದರು. ನಾನು ಕುರ್ಚಿಯಿಂದ ಬಗ್ಗಿ ಕಾಲಡಿಯ ರತ್ನಗಂಬಳಿಯ ಮೂಲೆ ಮಗುಚಿದೆ. ಹಿಂದೆ ಬಲೆಯಂಥ ಬಿಳಿ ಬಟ್ಟೆ ಅಂಟಿಸಿದ್ದರು, ಮಿಷನ್ನಿನ ಕೆಲಸ. ತಲೆ ಎತ್ತಿದರೆ ಆಕೆ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಕೆಲಸದವಳು ಎರಡು ದಿನದಿಂದ ಬಂದಿಲ್ಲ ಎಂದು ಮುಖ ಸಣ್ಣಗೆ ಮಾಡಿಕೊಂಡು ಹೇಳಿದರು. ನಾನು ಧೂಳು ಹುಡುಕುತ್ತಿದ್ದೇನೆ ಅಂದುಕೊಂಡಿದ್ದರು. ಅಲ್ಲ ಎಂದು ವಿವರಿಸಲು ಹೋದರೆ ಬೆಳಕವಾಡಿಯಿಂದ ಶುರು ಮಾಡಬೇಕಿತ್ತು, ಕಾಫಿ ಆರಿಹೋಗುತ್ತಿತ್ತು. ಸುಮ್ಮನೆ ಕುಡಿದು ಬಂದೆ. ನಿಮ್ಮ ಕೈಯಲ್ಲೂ ಲೋಟವಿದ್ದರೆ ಮೊದಲು ಮುಗಿಸಿಬಿಡಿ.

ಮೂವತ್ತೊಂದು ವರ್ಷ ಮದ್ದೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವಳು ನಾನು. ಕತ್ತಿನಲ್ಲಿ ಸದಾ ಟೇಪು. ಅಳೆಯದೆ ಕತ್ತರಿ ಹಾಕಬೇಡಿ ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ. ಅಂಥವಳು ಒಂದು ಸಲ ಅಳೆಯದೆ, ಸರಿಯಾಗಿ ನೋಡದೆ, ಒಬ್ಬರ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡಿಸಿದೆ.

ಯಲಿಯೂರಿನ ನಮ್ಮ ಮನೆಯಲ್ಲಿ ಹಾಸುವುದಕ್ಕೂ ಹೊದೆಯುವುದಕ್ಕೂ ಇದ್ದದ್ದು ಕರಿ ಕಂಬಳಿ. ಹೊಸದರಲ್ಲಿ ಅದಕ್ಕೆ ಹುಣಸೆಬೀಜದ ಗಂಜಿಯ ವಾಸನೆ, ಮಳೆಯಲ್ಲಿ ನೆಂದರೆ ಕುರಿಯ ವಾಸನೆ. ಅಪ್ಪ ಅದರ ಮೂಲೆ ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಗದ್ದೆಗೆ ಹೋಗುತ್ತಿದ್ದರು. ಮೈಸೂರಿನ ಕಡೆಗೆ ರೈಲು ಹೋದರೆ ನೆಲ ನಡುಗುತ್ತಿತ್ತು. ಸದ್ದಿಗಿಂತ ಮೊದಲು ಆ ನಡುಕ ಕಂಬಳಿಯ ಮೇಲೆ ಮಲಗಿದವರ ಬೆನ್ನಿಗೆ ಗೊತ್ತಾಗುತ್ತಿತ್ತು.

ಊರಲ್ಲಿ ನ್ಯಾಯ ಸೇರಿದರೂ ಕಂಬಳಿಯನ್ನೇ ಹಾಸುತ್ತಿದ್ದರು. ಅದು ಗದ್ದುಗೆ. ಅದರ ಮೇಲೆ ಕೂತವರು ಸುಳ್ಳಾಡಬಾರದು. ಯಾಕೆ ಎಂದು ಯಾರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ನನಗೆ ಎಂಟು ವರ್ಷವಾಗಿದ್ದಾಗ ಡಬ್ಬಿಯ ಬೆಲ್ಲ ಕದ್ದು ತಿಂದು, ತಿಂದಿಲ್ಲ ಎಂದು ಅವ್ವನ ಮುಂದೆ ಸಾಧಿಸಿದ್ದೆ. ಅವತ್ತು ಮಲಗುವ ಹೊತ್ತಿಗೆ ಕಂಬಳಿಯ ಮೇಲೆ ಹೋಗಲು ಧೈರ್ಯ ಬರಲಿಲ್ಲ. ಬರಿ ನೆಲದಲ್ಲಿ ಮುದುರಿಕೊಂಡೆ. ಅವ್ವ ನೋಡಿ ನಕ್ಕು, ಬೆಲ್ಲದ ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟಳು.

ನನ್ನ ಅಕ್ಕನನ್ನು ಬೆಳಕವಾಡಿಗೆ ಕೊಟ್ಟಿದೆ. ಭಾವ ಪುಟ್ಟಸ್ವಾಮಿಯವರ ಮನೆಯಲ್ಲಿ ಗದ್ದುಗೆಗೆಂದೇ ಬೇರೆ ಒಂದು ಹಾಸು ಇತ್ತು. ಅದನ್ನು ದೊರೆ ಕಂಬಳಿ ಎನ್ನುತ್ತಿದ್ದರು. ಭಾವನ ತಾತ ಶಿವನಸಮುದ್ರದ ಬಂಗಲೆಯೊಂದರಲ್ಲಿ ಅಡುಗೆಗಿದ್ದರಂತೆ. ಅಲ್ಲಿದ್ದ ಇಂಜಿನಿಯರ್ ದೊರೆ ಊರು ಬಿಡುವಾಗ ಅವನ ಹೆಂಡತಿ ಕೊಟ್ಟು ಹೋದದ್ದಂತೆ. ಸಾರಿನ ರುಚಿಗೆ ಮೆಚ್ಚಿ ಕೊಟ್ಟಳು ಎನ್ನುವುದು ಭಾವನ ಮಾತು. ಹೊರಲಾರದೆ ಬಿಟ್ಟು ಹೋದಳು ಎನ್ನುವುದು ಅಕ್ಕನ ಮಾತು, ಅದೂ ಭಾವ ಇಲ್ಲದಾಗ. ಒಲೆಯ ಮೇಲಿನ ಅಟ್ಟದಲ್ಲಿ ಎರಡು ತಲೆಮಾರು ಹೊಗೆ ಕುಡಿದು ಅದು ಕಾಫಿ ಚರಟದ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಬಳ್ಳಿಯಂಥದ್ದೇನೋ ಮಸುಕಾಗಿ ಕಾಣುತ್ತಿತ್ತು. ಇಳಿಸಲು ಇಬ್ಬರು ಗಂಡಸರು ಬೇಕು. ಮದುವೆಯಾದರೆ ಹಸೆಮಣೆಯ ಕೆಳಗೆ ಅದೇ, ನ್ಯಾಯ ಸೇರಿದರೆ ಕೂರುವುದಕ್ಕೂ ಅದೇ. ಅದು ಪರ್ಷಿಯಾದಿಂದ ಬಂದದ್ದು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭಾವನ ಮಗಳ ಮದುವೆ ಗೊತ್ತಾಗಿ ಅಟ್ಟದಿಂದ ಇಳಿಸಿದಾಗ, ಒಂದು ಕಡೆಯ ಅಂಚನ್ನು ಮೊಳದುದ್ದ, ಅಂಗೈ ಅಗಲ ಇಲಿ ತಿಂದಿತ್ತು. ಉಳಿದದ್ದನ್ನು ಸಮವಾಗಿ ಕತ್ತರಿಸಿಬಿಡು ಎಂದು ಭಾವ ನನಗೇ ಹೇಳಿದರು. ನಾನು ಕತ್ತರಿ ಬಾಯಿಗೆ ಅಂಚು ಕೊಟ್ಟೂ ಇದ್ದೆ. ಯಾಕೋ ಕೈ ಮುಂದೆ ಹೋಗಲಿಲ್ಲ. ಆಗ ಕಿರುಗಾವಲಿನ ಸತ್ತಾರ್ ಸಾಬರ ನೆನಪಾಯಿತು. ಅವರ ಮಗಳು ನನ್ನ ಶಿಷ್ಯೆ. ಸಾಬರು ಕುವೈತಿನ ಅಂಗಡಿಯೊಂದರಲ್ಲಿ, ಇರಾನಿನ ಮುದುಕ ಉಸ್ತಾದರೊಬ್ಬರ ಕೈಕೆಳಗೆ, ಇಪ್ಪತ್ತೆರಡು ವರ್ಷ ರತ್ನಗಂಬಳಿ ರಿಪೇರಿ ಮಾಡಿದವರು. ಊರಿಗೆ ಬಂದ ಮೇಲೆ ಹಾಸಿಗೆ ಹೊಲಿಯುತ್ತಿದ್ದರು. ಮೈಸೂರಿನ ಒಂದೆರಡು ಹಳೆಯ ಮನೆಗಳಿಂದ ಯಾವಾಗಲಾದರೂ ಒಂದು ರತ್ನಗಂಬಳಿ ಬರುತ್ತಿತ್ತು. ಅವರ ಹತ್ತಿರ ಅಂಗಡಿಯಿಲ್ಲ, ಬೋರ್ಡಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳಬೇಕು, ಅಷ್ಟೆ.

ಸಾಬರು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೂಲೆ ಮಗುಚಿ ಹಿಂಬದಿಯ ಮೇಲೆ ಬೆರಳಾಡಿಸಿದರು. ಆಮೇಲೆ, ಇದನ್ನು ನೇಯುವುದಕ್ಕೆ ಇಬ್ಬರು ಹೆಂಗಸರಿಗೆ ಎರಡು ವರ್ಷವಾದರೂ ಬೇಕಾಗಿರುತ್ತದೆ ಎಂದರು. ಭಾವ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಟೆಂಪೋಗೆ ಹಾಕಿ ಕಳಿಸಿದೆವು. ನಾನು ಅಳತೆ ತೆಗೆದುಕೊಳ್ಳಲಿಲ್ಲ. ಫೋಟೋ ತೆಗೆಯಲಿಲ್ಲ. ಸಾಬರ ಜೊತೆ ಬಗ್ಗಿ ಆ ಹಿಂಬದಿಯನ್ನು ನೋಡಲಿಲ್ಲ. ಅಕ್ಕ ಕರಿದ ಹಪ್ಪಳದ ಫೋಟೋ ತೆಗೆದಿದ್ದೆ. ಅದು ಈಗಲೂ ಫೋನಿನಲ್ಲಿದೆ.

ಮೂರು ವಾರದ ಮೇಲೆ ಒಂದು ಸಲ ಕಿರುಗಾವಲಿಗೆ ಹೋಗಿದ್ದೆ. ಕಂಬಳಿಯನ್ನು ಮರದ ಚೌಕಟ್ಟಿಗೆ ಬಿಗಿದು, ಉಳಿದದ್ದನ್ನು ಸುರುಳಿ ಸುತ್ತಿದ್ದರು. ನನಗೆ ಕಂಡದ್ದು ಹಿಂಬದಿಯ ಎರಡು ಗೇಣು ಮಾತ್ರ. ಅಂಚಿನಲ್ಲಿ ನಾನು ಕುಚ್ಚು ಎಂದುಕೊಂಡಿದ್ದು ಅಲಂಕಾರವಲ್ಲ, ಉದ್ದಕ್ಕೂ ಓಡುವ ಹಾಸುದಾರಗಳ ತುದಿ ಎಂದು ಅವರು ತೋರಿಸಿದಾಗ ಅಲ್ಲಿ ಕತ್ತರಿ ಆಡಿಸಿದ್ದರೆ ನೇಯ್ಗೆಯೇ ಬಿಚ್ಚಿಹೋಗುತ್ತಿತ್ತು ಎಂದು ನನಗೆ ಹೊಳೆಯಿತು. ಉಣ್ಣೆಯ ಎಳೆಯನ್ನು ಒಂದು ದಾರಕ್ಕೆ ಪೂರ್ತಿ ಸುತ್ತಿ, ಪಕ್ಕದ ದಾರದ ಹಿಂದಿನಿಂದ ಹಾಯಿಸಿ, ಕೆಳಗೆ ಎಳೆದು ಕತ್ತರಿಸುವುದು. ಅದು ಒಂದು ಗಂಟು. ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ ಅಂಥವು ಹತ್ತಾರು. ನನ್ನಿಂದಲೂ ಒಂದು ಹಾಕಿಸಿದರು. ನೋಡಿ, ಏನೂ ಹೇಳದೆ ಬಿಚ್ಚಿದರು. ಉಣ್ಣೆಗೆ ಮಂಜಿಷ್ಠದ ಬೇರಿನಲ್ಲಿ ಕೆಂಪು, ದಾಳಿಂಬೆ ಸಿಪ್ಪೆಯಲ್ಲಿ ಹಳದಿ ತಾವೇ ಕುದಿಸಿ ಹಾಕಿದ್ದರು. ಹಳೆಯ ಕೆಲಸದಲ್ಲಿ ಒಂದು ಪಾತ್ರೆಯ ಬಣ್ಣ ಮುಗಿದು ಇನ್ನೊಂದು ಶುರುವಾದ ಕಡೆ ಕೆಂಪು ಒಂದು ಗೆರೆಯಷ್ಟು ಬದಲಾಗುತ್ತದಂತೆ. ಆ ಗೆರೆಯನ್ನೂ ಹಾಗೇ ಮುಂದುವರಿಸಬೇಕು ಎಂದರು.

ನಲವತ್ತು ದಿನಕ್ಕೆ ಕಂಬಳಿ ವಾಪಸು ಬಂತು. ನಾನೂ ಅವತ್ತು ಬೆಳಕವಾಡಿಯಲ್ಲಿದ್ದೆ. ಸಾಬರು ಒಬ್ಬರೇ ಅದನ್ನು ಹೆಗಲ ಮೇಲೆ ಹೊತ್ತು ತಂದರು. ಇಬ್ಬರು ಹೊರುತ್ತಿದ್ದದ್ದನ್ನು ಒಬ್ಬರು ಹೊತ್ತು ಬಂದದ್ದೇ ಭಾವನ ಕಣ್ಣಿಗೆ ಬಿದ್ದ ಮೊದಲ ಸಂಗತಿ. ಪಡಸಾಲೆಯಲ್ಲಿ ಬಿಡಿಸಿ ಹಾಸಿದರು.

ಕೆಂಪು. ಮಾಗಿದ ದಾಳಿಂಬೆಯ ಒಳಗಿನ ಕೆಂಪು. ಅಂಚಿಗೆ ಕಡುನೀಲಿ. ಬಳ್ಳಿಗಳ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಹಕ್ಕಿಗಳು, ಜೋಡಿ ಜೋಡಿಯಾಗಿ, ಒಂದರ ಮುಖ ಒಂದರ ಕಡೆಗೆ. ಅಂಟುವಾಳದ ನೊರೆಯಲ್ಲಿ ಮೂರು ಸಲ ತೊಳೆದೆ, ಮೊದಲ ನೀರು ಗಂಜಳದ ಹಾಗೆ ಬಂತು, ಭಾರವೆಲ್ಲ ಹೊಗೆ ಧೂಳಿನದೇ ಎಂದು ಸಾಬರು ನಗುತ್ತ ಹೇಳುತ್ತಿದ್ದರು. ಯಾರೂ ನಗಲಿಲ್ಲ ಎಂದು ಅವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ನಮ್ ಕಂಬ್ಳೀಲಿ ಹಕ್ಕಿ ಇರ್ನಿಲ್ಲ," ಎಂದರು ಭಾವ.

ಮಾತು ಅಷ್ಟೇ. ಆದರೆ ಅದು ಏನು ಹೇಳುತ್ತಿದೆ ಎಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಸಾಬರ ನಗು ಮುಖದ ಮೇಲೆ ಹಾಗೇ ಇತ್ತು, ಇಳಿಸುವುದು ಹೇಗೆಂದು ತಿಳಿಯದವರ ಹಾಗೆ.

ಭಾವ ಕೆಟ್ಟವರಲ್ಲ. ಅವರ ಮದುವೆಯಾದದ್ದು ಆ ಕಂಬಳಿಯ ಮೇಲೆ, ಅವರಪ್ಪ ಕೂತು ನ್ಯಾಯ ಹೇಳಿದ್ದು ಅದರ ಮೇಲೆ. ಮಗಳನ್ನು ಬೇರೆ ಯಾರದೋ ಹಾಸಿನ ಮೇಲೆ ಕೂರಿಸಲು ಅವರಿಗೆ ಆಗುತ್ತಿರಲಿಲ್ಲ. ಹತ್ತು ನಿಮಿಷದೊಳಗೆ ಪಕ್ಕದ ಮನೆಯ ಹಿರಿಯರಾದ ಮರೀಗೌಡರು ಬಂದರು. ಇನ್ನೂ ನಾಲ್ಕಾರು ಜನ ಬಂದರು. ನ್ಯಾಯಕ್ಕೆ ಕೂರಬೇಕು, ಆದರೆ ಆ ಮನೆಯ ಗದ್ದುಗೆಯ ಮೇಲೇ ತಕರಾರು. ಮರೀಗೌಡರ ಮನೆಯಿಂದ ಕರಿ ಕಂಬಳಿ ತರಿಸಿ ಬದಿಗೆ ಹಾಸಿದರು. ಎಲ್ಲರೂ ಅದರ ಮೇಲೆ ಕೂತರು. ನಡುವೆ ಆ ಕೆಂಪು. ಸಾಬರು ಅದರ ಆಚೆ, ಗೋಡೆಯ ಕಡೆಗೆ, ಒಬ್ಬರೇ ನಿಂತಿದ್ದರು. ಕೂರಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಭಾವ ಫೋನಿನಲ್ಲಿ ತಮ್ಮನ ಮದುವೆಯ ಫೋಟೋ ತೆಗೆದು ಸುತ್ತ ತೋರಿಸಿದರು. ಅದರಲ್ಲಿ ಗಂಡು, ಹೆಣ್ಣು, ಅಕ್ಷತೆ, ಇಪ್ಪತ್ತು ಜನರ ಕಾಲು. ಕಾಲುಗಳ ನಡುವೆ ಕಂಡಷ್ಟು ಕಂಬಳಿ ಕಾಫಿ ಚರಟದ ಬಣ್ಣ. ಒಳ್ಳೆಯದನ್ನು ಇಟ್ಟುಕೊಂಡು ಬೇರೆಯದನ್ನು ಕೊಟ್ಟಿದ್ದಾರೆ ಎಂದು ಒಬ್ಬರು ಅಂದರು. ಕೊಟ್ಟಿರುವುದೇ ಚೆನ್ನಾಗಿದೆಯಲ್ಲ ಎಂದು ಅಕ್ಕ ಒಳಗಿನಿಂದ ಹೇಳಿದಳು. ಬಣ್ಣಕ್ಕೆ ಬೀಳಬೇಡ, ಹಳೆಯದಕ್ಕೇ ಬೆಲೆ ಎಂದು ಅವಳ ಬಾಯಿ ಮುಚ್ಚಿಸಿದರು. ಇನ್ನೊಬ್ಬರು "ಈ ಜನಾನೇ..." ಎಂದು ಶುರು ಮಾಡಿ, ಮರೀಗೌಡರು ತಿರುಗಿ ನೋಡಿದ್ದಕ್ಕೆ ನಿಲ್ಲಿಸಿದರು. ಮುಂದೇನು ಹೇಳುತ್ತಿದ್ದರೋ ನಾನು ಕೇಳಿಲ್ಲ, ಕೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ. ಸಾಬರೂ ಅಷ್ಟನ್ನು ಕೇಳಿಸಿಕೊಂಡರು. ಅವರ ಕೈ ಜುಬ್ಬದ ಜೇಬಿನೊಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು.

"ಗೌಡ್ರೆ, ಒಂದ್ಸಲ ಈ ಕಡೀಕೆ ಬಂದು ನಿಂತ್ಕಂಡು ನೋಡಿ," ಎಂದರು ಅವರು ಭಾವನಿಗೆ. "ಉಣ್ಣೆ ಒಂದೇ ಕಡೀಕೆ ಮಲಗಿರ್ತದೆ. ಆ ಕಡೆಯಿಂದ ನೋಡುದ್ರೆ ಬೆಳ್ಳಗೆ, ಈ ಕಡೆಯಿಂದ ಕಪ್ಪಗೆ. ನೀವು ಯಾವಾಗ್ಲೂ ನೋಡಿರೋದು ಈ ಕಡೆಯಿಂದ."

"ನಮ್ಮನೇಲಿ ನಾನ್ ಎಲ್ ನಿಂತ್ಕಬೇಕು ಅಂತ ನೀನ್ ಯೋಳ್ಬೇಡ," ಎಂದರು ಭಾವ. ಅದುವರೆಗೆ ಅವರು ಸಾಬರಿಗೆ ಬಹುವಚನದಲ್ಲಿ ಮಾತಾಡುತ್ತಿದ್ದರು.

ಮರೀಗೌಡರು ನನ್ನ ಕಡೆಗೆ ತಿರುಗಿದರು.

"ನೀನೇ ಕಣವ್ವ ಕರ್ಕಂಡ್ ಬಂದೋಳು. ಕಿರುಗಾವಲ್ಗೂ ಓಗಿದ್ದೆ ಅಂತೀಯ. ಅಲ್ಲಿ ನೀನ್ ನೋಡಿದ್ದು ಇದೇಯಾ? ಗದ್ದುಗೆ ಮ್ಯಾಲ್ ಕೂತಿದ್ದೀಯ, ಯೋಳು."

ಎಲ್ಲರೂ ನನ್ನ ಮುಖ ನೋಡಿದರು. ಸಾಬರೂ ನೋಡಿದರು. ಹೌದು ಎಂಬ ಒಂದು ಮಾತು ಸಾಕಾಗಿತ್ತು. ಟೀಚರ ಮಾತನ್ನು ಅಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ಅದು ಅದೇ ಕಂಬಳಿ ಎಂದು ನನ್ನ ಮನಸ್ಸಿಗೆ ಅನ್ನಿಸಿತ್ತು. ಆದರೆ ಅವರು ಕೇಳಿದ್ದು ಅನ್ನಿಸಿದ್ದನ್ನಲ್ಲ, ನೋಡಿದ್ದನ್ನು. ನಾನು ಬೆಳಕವಾಡಿಯಲ್ಲಿ ನೋಡಿದ್ದು ಮುಂಬದಿ. ಕಿರುಗಾವಲಿನಲ್ಲಿ ನೋಡಿದ್ದು ಹಿಂಬದಿ. ಎರಡೂ ಒಂದರದ್ದೇ ಎಂದು ನೋಡಿದವಳಲ್ಲ. ಮತ್ತೆ, ಇದನ್ನೂ ಹೇಳಿಬಿಡಬೇಕು, ಆ ಹಕ್ಕಿಗಳನ್ನು ಕಂಡ ಮೊದಲ ಕ್ಷಣ ಭಾವನಿಗೆ ಬಂದ ಸಂಶಯ ನನಗೂ ಬಂದಿತ್ತು. ಬೆರಳುಗಳು ಕೆಳಗಿದ್ದ ಕರಿ ಕಂಬಳಿಯ ಅಂಚನ್ನು ಹಿಡಿದು ತಿಕ್ಕುತ್ತಿದ್ದವು. ಎಂಟು ವರ್ಷದ ಬೆಲ್ಲಕಳ್ಳಿ ಐವತ್ತೊಂಬತ್ತು ವರ್ಷದ ಹೊಲಿಗೆ ಟೀಚರೊಳಗೆ ಇನ್ನೂ ಮುದುರಿಕೊಂಡಿದ್ದಳು.

"ಗೊತ್ತಿಲ್ಲ," ಎಂದೆ.

ಸಾಬರು ನನ್ನ ಮೇಲಿನ ಕಣ್ಣು ತೆಗೆದರು. ಹಾಗೇ ಬಗ್ಗಿ ಕಂಬಳಿಯನ್ನು ಪೂರ್ತಿ ಮಗುಚಿ ಹಾಕಿದರು. ಹಿಂಬದಿಯಲ್ಲಿಯೂ ಅವೇ ಹಕ್ಕಿಗಳು, ಸ್ವಲ್ಪ ಮಂಕಾಗಿ. ಒಂದು ಮೂಲೆಯಲ್ಲಿ ಹಳೆಯ ರೂಪಾಯಿಯಷ್ಟು ಅಗಲದ ಕರಿ ತೇಪೆ. ತೊಳೆದ ಕೆಂಪಿನ ನಡುವೆ ಅದು ಮಚ್ಚೆಯ ಹಾಗೆ ಎದ್ದು ಕಾಣುತ್ತಿತ್ತು. ತೊಳೆದಾಗ ಸಿಕ್ಕಿದ್ದು, ತೆಗೆದು ಹೊಸ ಗಂಟು ಹಾಕಬಹುದಾಗಿತ್ತು, ಗಟ್ಟಿಯಾಗಿದೆ ಎಂದು ಬಿಟ್ಟೆ, ಇದು ಈ ಮನೆಯಲ್ಲೇ ಯಾರೋ ಹೊಲಿದದ್ದು ಇರಬೇಕು ಎಂದರು.

ಅವರಿಗೆ ಉಳಿದಿದ್ದ ಕಡೆಯ ಸಾಕ್ಷಿ ಅದು. ಅದೂ ಅವರಿಗೇ ತಿರುಗಿತು. ದೊರೆ ಕಂಬಳಿಗೆ ತೇಪೆ ಹಾಕಿದ್ದನ್ನು ಆ ಮನೆಯವರು ಕಂಡೂ ಇಲ್ಲ, ಕೇಳಿಯೂ ಇಲ್ಲ. "ನೋಡ್ದ್ರಾ, ಬ್ಯಾರೆ ಕಂಬ್ಳಿ ಅನ್ನಕ್ಕೆ ಅವ್ನೇ ಗುರ್ತು ತೋರುಸ್ತಾವ್ನೆ," ಎಂದು ಭಾವ ಎದ್ದು ನಿಂತರು. ಮೈಸೂರಿನಲ್ಲಿ ಯಾರ ಯಾರ ಮನೆಯ ರತ್ನಗಂಬಳಿ ಇವನ ಹತ್ತಿರ ಬಂದಿದೆಯೋ ಅವರಿಗೆಲ್ಲ ಫೋನು ಮಾಡಿ ಹೇಳಬೇಕು ಎಂದರು. ಒಂದು ಮನೆಯವರು ಇನ್ನೊಂದು ಮನೆಗೆ ಹೇಳುವುದರಿಂದ ಬದುಕುವವರಿಗೆ ಅದಕ್ಕಿಂತ ದೊಡ್ಡ ಮಾತಿಲ್ಲ.

ನಾನು ಮಂಡಿಯೂರಿ ಮುಂದೆ ಹೋಗಿ ತೇಪೆಯ ಮೇಲೆ ಬೆರಳಿಟ್ಟೆ. ಒರಟು. ಅಷ್ಟು ಹೊತ್ತೂ ನನ್ನ ಬೆರಳು ತಿಕ್ಕುತ್ತಿದ್ದ ಒರಟು. ಪರ್ಷಿಯಾದ ಕುರಿಯ ಉಣ್ಣೆ ಬೆಣ್ಣೆ. ಇದು ನಮ್ಮ ಕಡೆಯ ಕುರಿಯದು, ಕತ್ತಿಗೆ ಚುಚ್ಚುವುದು. ಹೊಲಿಗೆಯೂ ಅಷ್ಟೆ, ಕಂಬಳಿಯ ಅಂಚು ಬಿಡದ ಹಾಗೆ ನಮ್ಮ ಹೆಂಗಸರು ಓರೆಯಾಗಿ ಹಾಕುವುದು. ಇಷ್ಟನ್ನು ನಾನು ಗದ್ದುಗೆಯ ಮೇಲೆ ಕೂತು ಹೇಳಬಲ್ಲವಳಾಗಿದ್ದೆ. ಹೇಳಿದೆ: ಇದು ಕಂಬಳಿ ದಾರ, ಇದನ್ನು ಹೊಲಿದವರು ನಮ್ಮ ಕಡೆಯವರು.

ಕಂಬಳಿ ಕಿರುಗಾವಲಿನಲ್ಲೂ ಸಿಗುತ್ತದೆ ಎಂದರು ಭಾವ. ಅದೂ ನಿಜ.

ಆಗ ಅಡುಗೆಮನೆಯ ಬಾಗಿಲಿನಿಂದ ಭಾವನ ತಾಯಿ ಬಂದರು. ಅವರನ್ನು ಎಲ್ಲರೂ ದೊಡ್ಡವ್ವ ಅನ್ನುತ್ತೇವೆ. ಎಂಬತ್ತು ದಾಟಿದೆ, ಕಣ್ಣು ಮಂಜು. ಬೆಳಗಿನಿಂದ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗೋಡೆ ಹಿಡಿದು ಬಂದು, ಕರಿ ಕಂಬಳಿಯ ಮೇಲೆ, ಗಂಡಸರ ಸಾಲಿನ ನಡುವೆ ಕೂತರು. ಸೆರಗಿನಲ್ಲಿ ಅವರೆ ಕಾಳು ಹಾಗೇ ಇತ್ತು.

"ಅದ ನಾನ್ ಒಲ್ದಿದ್ದು," ಎಂದರು.

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಇಡುತ್ತೇನೆ.

"ಮದ್ವೆಯಾಗ್ ಬಂದ್ ವರ್ಸ. ಸಾಂಬ್ರಾಣಿ ಇಡ್ಕಂಡ್ ಓಗ್ತಿದ್ದೆ, ಕೆಂಡ ಬಿತ್ತು. ಅತ್ತೆ ಮಳವಳ್ಳಿ ಸಂತೆಗ್ ಓಗಿತ್ತು. ಬರೋದ್ರೊಳ್ಗೆ ಒಲ್ದ್ಬುಟ್ಟೆ. ದಾರ ಎಲ್ಲಿತ್ತು? ನಿಮ್ಮಪ್ಪನ ಕಂಬ್ಳಿ ಅಂಚ್ನೇ ಬಿಚ್ಚಿದ್ದು. ಸಾಯೋಗಂಟ ಅವ್ನು ಇಲಿಗಳ ಬೈತಿದ್ದ. ನಾನೂ ಜತೇಗ್ ಬೈತಿದ್ದೆ ಕಣಪ್ಪ."

ಆಮೇಲೆ ಮಗನ ಕಡೆ ಮುಖ ಮಾಡಿ, "ಅವತ್ತಿಂದ ಇವತ್ತಿನ್ ತಂಕ ಅದರ್ ಮ್ಯಾಲೆ ನಾನ್ ಕೂತಿಲ್ಲ. ನೀವ್ ಯಾರೂ ನೋಡ್ನಿಲ್ಲ," ಎಂದರು.

ನಿಜ. ನಲವತ್ತು ವರ್ಷದಿಂದ ನಾನು ಆ ಮನೆಗೆ ಹೋಗುತ್ತಿದ್ದೇನೆ. ಎಲ್ಲ ಮದುವೆಯಲ್ಲೂ ದೊಡ್ಡವ್ವ ಬಾಗಿಲ ಹತ್ತಿರ, ಬರಿ ನೆಲದಲ್ಲಿ. ಮಂಡಿ ನೋವು ಅನ್ನುತ್ತಿದ್ದರು.

ಮರೀಗೌಡರು ಏನೂ ತೀರ್ಪು ಹೇಳಲಿಲ್ಲ. ಹೇಳುವುದು ಉಳಿದಿರಲಿಲ್ಲ. ಭಾವ ನಿಂತೇ ಇದ್ದರು. ಆಮೇಲೆ ಕಂಬಳಿಯ ಅಂಚಿನುದ್ದಕ್ಕೂ ನಿಧಾನವಾಗಿ ನಡೆದು, ಸುತ್ತಿ ಬಂದು, ಸಾಬರ ಪಕ್ಕದಲ್ಲಿ ಗೋಡೆಯ ಕಡೆ ನಿಂತರು. ಸಾಬರು ಬಗ್ಗಿ ಕಂಬಳಿಯನ್ನು ಮತ್ತೆ ಬಲಬದಿಗೆ ತಿರುಗಿಸಿದರು. ನಾನು ಕೂತಲ್ಲಿಂದ ಅದು ದಾಳಿಂಬೆಯ ಕೆಂಪು. ಭಾವ ತುಂಬ ಹೊತ್ತು ನೋಡಿದರು.

"ಇಲ್ಲಿಂದ ನಮ್ದೇ," ಎಂದರು. ಪಕ್ಕಕ್ಕೆ ತಿರುಗಿ, "ಕೂತ್ಕಳಿ ಸಾಬ್ರೆ," ಎಂದರು.

ಸಾಬರು ಕೂರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದರು. ಅಕ್ಕ ತಂದ ಕಾಫಿಯನ್ನು ನಿಂತೇ ಕುಡಿದರು. ನಾನು ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಅವರ ಬೆರಳಿಗೆ ಆಗಲಿಲ್ಲ. ಉಗುರಗಲಕ್ಕೆ ಹತ್ತಾರು ಗಂಟು ಹಾಕುವ ಬೆರಳು. ಪಟ್ಟಿಯನ್ನು ಹಾಗೇ ಎಳೆದುಕೊಂಡು ನಡೆದರು. ಹೌದು ಅಂದುಬಿಡಬೇಕಿತ್ತು ಎಂದು ನಾನು ಹೇಳಿದೆ.

"ನೋಡ್ದೇ ಇರೋದ ಎಂಗ್ ಯೋಳೀರಿ ಟೀಚರಮ್ಮ," ಎಂದರು. ಆಮೇಲೆ, ಮಳವಳ್ಳಿ ಬಸ್ಸು ತಿರುವಿನಲ್ಲಿ ಕಂಡಾಗ, "ಕೊಡೋ ದಿವ್ಸ ನೋಡ್ಬೇಕಿತ್ತು," ಎಂದರು. ಬೈದದ್ದಲ್ಲ. ನನ್ನ ಗಂಟನ್ನು ಬಿಚ್ಚಿದಾಗ ಇದ್ದ ಮುಖವೇ.

ಮದುವೆ ಆಯಿತು. ಸಾಬರಿಗೆ ಭಾವ ತಾವೇ ಹೋಗಿ ಲಗ್ನಪತ್ರಿಕೆ ಕೊಟ್ಟು ಬಂದಿದ್ದರು. ಅವರು ಬರಲಿಲ್ಲ. ದೊಡ್ಡವ್ವ ಆ ದಿನ ಹಕ್ಕಿಗಳ ಮೇಲೆ, ಸರಿಯಾಗಿ ನಡುಮಧ್ಯದಲ್ಲಿ, ಫೋಟೋದವನು ಏಳಿ ಎಂದರೂ ಏಳದೆ ಕೂತಿದ್ದರು. ಈಗ ಆ ಮನೆಗೆ ಯಾರು ಬಂದರೂ ಮೂಲೆ ಎತ್ತಿ ದೊಡ್ಡವ್ವನ ತೇಪೆಯನ್ನು ತೋರಿಸುತ್ತಾರೆ. ಎಲ್ಲರೂ ನೋಡಿ ನಗುತ್ತಾರೆ.

ನಾನು ಹೋದಾಗಲೆಲ್ಲ ಇನ್ನೊಂದು ತುದಿಗೆ ಹೋಗಿ ಕೂರುತ್ತೇನೆ, ಇಲಿ ತಿಂದಿದ್ದ ಕಡೆಗೆ. ಮೊಳದುದ್ದ, ಅಂಗೈ ಅಗಲ. ಎಲ್ಲಿತ್ತು ಎಂದು ನನಗೆ ಗೊತ್ತು. ಅಂಚು ಮಗುಚಿ, ಕನ್ನಡಕ ಹಾಕಿಕೊಂಡು, ಹಳೆಯ ಕೆಲಸ ಎಲ್ಲಿ ಮುಗಿದು ಸಾಬರ ಕೆಲಸ ಎಲ್ಲಿ ಶುರುವಾಯಿತು ಎಂದು ಗಂಟು ಗಂಟಾಗಿ ಹುಡುಕುತ್ತೇನೆ. ಕೆಂಪು ಒಂದು ಗೆರೆಯಷ್ಟು ಬದಲಾಗುವ ಕಡೆಯೂ ಹಾಗೇ ಮುಂದುವರಿದಿದೆ. ನಾಲ್ಕು ವರ್ಷವಾಯಿತು, ಸಿಕ್ಕಿಲ್ಲ. ನಾಳೆ ಯಾರಾದರೂ ನನ್ನನ್ನು ಗದ್ದುಗೆಯ ಮೇಲೆ ಕೂರಿಸಿ, ಸಾಬರು ಕೆಲಸ ಮಾಡಿದ್ದು ಎಲ್ಲಿ ತೋರಿಸು ಎಂದರೆ, ಮತ್ತೆ ಅದನ್ನೇ ಹೇಳಬೇಕಾಗುತ್ತದೆ: ಗೊತ್ತಿಲ್ಲ.